ಫ್ಯಾನು, ಕೆಪ್ಯಾಸಿಟರು ಮತ್ತು ನಮ್ಮ ಕನ್ನಡ

ಕಳೆದ ಸೆಮಿಸ್ಟರ್‌ನಲ್ಲಿ ನಾವು ಮೂವರು ಸೇರಿ ಸೀಲಿಂಗ್ ಫ್ಯಾನ್ ಬಗ್ಗೆ ಒಂದು ಲೇಖನ ಬರೆದೆವು. ಮೊದಲ ವಾಕ್ಯ ಹೀಗಿತ್ತು: “ಏಕಫೇಸ್ ಪ್ರೇರಣ ಮೋಟಾರಿನಲ್ಲಿ ಆರಂಭಿಕ ತಿರುಚುಬಲವು ಶೂನ್ಯವಾಗಿರುತ್ತದೆ.” ವಿಷಯ ಸರಿಯಾಗೇ ಇದೆ. ಹಾಸ್ಟೆಲ್‌ನಲ್ಲಿ ಸಿವಿಲ್ ಬ್ರಾಂಚಿನ ಗೆಳೆಯನೊಬ್ಬನಿಗೆ ಓದೋಕೆ ಕೊಟ್ಟೆವು. ಅವನು ಎರಡನೇ ಸಾಲಿಗೇ ಮೊಬೈಲ್ ವಾಪಸ್ ಕೊಟ್ಟು “ಚೆನ್ನಾಗಿದೆ” ಅಂದ. ಎರಡು ಸಾಲು ಓದಿ ಚೆನ್ನಾಗಿದೆ ಅಂದ್ರೆ ಏನರ್ಥ ಅಂತ ನಿಮಗೂ ಗೊತ್ತು.

ಸ್ವಲ್ಪ ಬೇಜಾರಾಯಿತು. ಆದರೆ ಅವನದೇನೂ ತಪ್ಪಿರಲಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಇಂಗ್ಲಿಷ್ ಪಠ್ಯಪುಸ್ತಕದ ವಾಕ್ಯವನ್ನ ಮನಸ್ಸಿನಲ್ಲಿಟ್ಟುಕೊಂಡು, ನಿಘಂಟು ನೋಡಿ ಒಂದೊಂದೇ ಪದ ಬದಲಾಯಿಸಿದ್ದೆವು. ಲಿಪಿ ಮಾತ್ರ ಕನ್ನಡ.

ಆಮೇಲೆ ಬಾಯಲ್ಲೇ ಹೇಳಿದೆವು. “ಫ್ಯಾನ್ ಸ್ವಿಚ್ ಹಾಕಿದ್ರೆ ಬರೀ ಗುಂಯ್ ಅನ್ನುತ್ತೆ, ತಿರುಗಲ್ಲ. ಕೋಲಿನಿಂದ ರೆಕ್ಕೆ ತಳ್ಳಿದ್ರೆ ತಿರುಗೋಕೆ ಶುರು ಮಾಡುತ್ತೆ. ನೋಡಿದ್ದೀಯಾ?” ಅವನು ತಟ್ಟನೆ ಎದ್ದು ಕೂತ. “ಹೌದು, ಯಾಕೆ ಹಾಗೆ?” ನಮ್ಮ ಲೇಖನ ಅಲ್ಲಿಂದ ಶುರುವಾಗಬೇಕಿತ್ತು.

ಹೊಸದಾಗಿ ಬರೆದದ್ದು ಹೀಗೆ. ಮನೆಗೆ ಬರೋ ಸಿಂಗಲ್ ಫೇಸ್ ಕರೆಂಟು ಒಂದೇ ಸುರುಳಿಯಲ್ಲಿ ಹರಿದಾಗ ಅದರ ಕಾಂತಕ್ಷೇತ್ರ ಸುತ್ತುವುದಿಲ್ಲ, ಉಯ್ಯಾಲೆ ಥರ ಹಿಂದೆ ಮುಂದೆ ತೂಗುತ್ತದೆ ಅಷ್ಟೇ. ಯಾವ ಕಡೆ ತಿರುಗಬೇಕು ಅಂತ ಫ್ಯಾನಿಗೆ ಗೊತ್ತಾಗಲ್ಲ. ಅದಕ್ಕೇ ಒಳಗೆ ಎರಡನೇ ಸುರುಳಿ ಇದೆ, ಅದರ ಜೊತೆ ಒಂದು ಪುಟ್ಟ ಕೆಪ್ಯಾಸಿಟರ್ ಇದೆ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ದು. ಅದರಿಂದಾಗಿ ಎರಡನೇ ಸುರುಳಿಯ ಕರೆಂಟು ಮೊದಲನೆಯದರ ಜೊತೆಗೇ ಏರಿಳಿಯದೆ ಸ್ವಲ್ಪ ಮುಂಚೆಯೇ ಏರಿಳಿಯುತ್ತದೆ. ಹೀಗೆ ಬೇರೆ ಬೇರೆ ಹೊತ್ತಿಗೆ ಏರಿಳಿಯೋ ಎರಡೂ ಸೇರಿದಾಗ ಕಾಂತಕ್ಷೇತ್ರ ಸುತ್ತತೊಡಗುತ್ತದೆ. ಕೆಪ್ಯಾಸಿಟರ್ ಹಳೆಯದಾಗಿ ಸೊರಗಿದರೆ ಫ್ಯಾನ್ ನಿಧಾನವಾಗುತ್ತೆ, ಪೂರ್ತಿ ಸತ್ತರೆ ಗುಂಯ್ ಅನ್ನುತ್ತೆ. ಆಗ ನೀವು ಯಾವ ಕಡೆ ತಳ್ಳುತ್ತೀರೋ ಆ ಕಡೆಗೇ ತಿರುಗುತ್ತೆ. (ಕೈಯಿಂದ ತಳ್ಳಬೇಡಿ ಮಾರಾಯ್ರೆ, ಬೆರಳು ಬೇಕಲ್ಲ.)

ಇಲ್ಲಿ ‘ಧಾರಕ’ ಅಂತ ಬರೆಯಲಿಲ್ಲ. ಅಂಗಡಿಯಲ್ಲಿ ಕೇಳೋದು ಕೆಪ್ಯಾಸಿಟರ್ ಅಂತಲೇ. ಆದರೆ ‘ಕಾಂತಕ್ಷೇತ್ರ’ ಬಿಡಲಿಲ್ಲ, ಓದಿದ ಕೂಡಲೇ ಅರ್ಥ ಗೊತ್ತಾಗುತ್ತೆ. ಓದುವವನು ಎಲ್ಲಿ ಎಡವುತ್ತಾನೆ ಅನ್ನೋದೊಂದೇ ಲೆಕ್ಕ, ಶುದ್ಧ ಅಶುದ್ಧದ ಜಗಳ ನಮಗೆ ಬೇಡ.

ಈ ಕೆಲಸವನ್ನ ನಮಗಿಂತ ಎಷ್ಟೋ ಮುಂಚೆ, ಎಷ್ಟೋ ಚೆನ್ನಾಗಿ ಮಾಡಿದವರಿದ್ದಾರೆ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದರು. ಅವರ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಗಿಡಗಳ ವಿವರ ಬರೋದು ವಿದ್ಯಾರ್ಥಿಗಳನ್ನ ಕಾಡಿಗೆ ಕರೆದುಕೊಂಡು ಹೋದ ಪ್ರವಾಸದ ಕಥೆಯೊಳಗೆ, ತಮಾಷೆಯ ನಡುವೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಬಾಟನಿ ಅಂದ್ರೆ ಓಡಿಹೋಗೋ ನಮ್ಮಂಥವರೂ ಓದುತ್ತೇವೆ.

ಈಗ ನಮ್ಮ ಅಭ್ಯಾಸಗಳು. ದಿನಾ ಇಪ್ಪತ್ತು ನಿಮಿಷ, ಲ್ಯಾಬ್ ಮುಗಿದ ಮೇಲೆ, ಅವತ್ತು ಅರ್ಥವಾದ ಒಂದೇ ಒಂದು ಸಂಗತಿ ಬರೆಯುತ್ತೇವೆ. ದಿನಾ ಅಂತ ಹೇಳಿದ್ದು ಸ್ವಲ್ಪ ಸುಳ್ಳು, ಇಂಟರ್ನಲ್ಸ್ ವಾರದಲ್ಲಿ ಆಗಲ್ಲ. ಬರೆದದ್ದನ್ನ ಅವತ್ತೇ ತಿದ್ದೋದಿಲ್ಲ. ಮಾರನೇ ದಿನ ಗಟ್ಟಿಯಾಗಿ ಓದುತ್ತೇವೆ, ಇದು ನಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯುತ್ತೇವೆ. ಓದುವಾಗ ನಮಗೇ ನಗು ಬಂದರೆ ಆ ಪದ ಔಟ್. ಕೊನೆಗೆ ಬೇರೆ ಬ್ರಾಂಚಿನ ಒಬ್ಬರಿಗೆ ಕೊಡುತ್ತೇವೆ. ಹೇಗಿದೆ ಅಂತ ಕೇಳಲ್ಲ, ಎಲ್ಲಿ ನಿಲ್ಲಿಸಿದೆ ಅಂತ ಕೇಳುತ್ತೇವೆ.

ಕಾಗುಣಿತದ ಭಯ ಇದ್ದದ್ದೇ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಟೈಪ್ ಮಾಡುವಾಗ ‘ಲ’ ಎಲ್ಲಿ ‘ಳ’ ಎಲ್ಲಿ ಅಂತ ಈಗಲೂ ಗೊಂದಲ. ‘ಬಾಳೆ’ಯನ್ನ ‘ಬಾಲೆ’ ಮಾಡಿ ಕ್ಲಬ್ಬಿನಲ್ಲಿ ವಾರಗಟ್ಟಲೆ ನಗಿಸಿಕೊಂಡಿದ್ದೇವೆ. ಆದರೆ ಅದನ್ನ ತಿದ್ದೋಕೆ ಯಾರಾದರೂ ಸಿಗುತ್ತಾರೆ. ಬರೆಯದೇ ಇದ್ದದ್ದನ್ನ ಯಾರು ತಿದ್ದುತ್ತಾರೆ?

ಹೊಸ ಲೇಖನವನ್ನ ಅದೇ ಸಿವಿಲ್ ಗೆಳೆಯನಿಗೆ ಕೊಟ್ಟೆವು. ಈ ಸಲ ಪೂರ್ತಿ ಓದಿದ, ಚೆನ್ನಾಗಿದೆ ಅಂತ ಮಾತ್ರ ಹೇಳಲಿಲ್ಲ. “ಹಾಗಾದ್ರೆ ರೆಗ್ಯುಲೇಟರ್ ಒಳಗೆ ಏನಿದೆ?” ಅಂದ. ಅದನ್ನ ಈಗ ಬರೆಯುತ್ತಿದ್ದೇವೆ, ಎರಡನೇ ಪ್ಯಾರಾದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.