ಚಂಡಮಾರುತದ ದಾರಿ ಮತ್ತು ಗಣಕಯಂತ್ರದ ಲೆಕ್ಕ

ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿದೆಯೆಂದು ವಾರ್ತೆಯಲ್ಲಿ ಕೇಳಿದೊಡನೆ ನಮ್ಮ ಬಾಯಾರು, ಪೈವಳಿಕೆ ಕಡೆಯ ಕೃಷಿಕರು ಅಂಗಳದಲ್ಲಿ ಹರಡಿದ ಅಡಿಕೆಯನ್ನೂ ಆಕಾಶವನ್ನೂ ನೋಡುತ್ತಾರೆ. ಉಪ್ಪಳ, ಮಂಜೇಶ್ವರದ ಮೀನುಗಾರರು ದೋಣಿಗಳನ್ನು ಮೇಲಕ್ಕೆ ಎಳೆದಿಡುತ್ತಾರೆ. ಮರುದಿನ ಗಾಳಿ ಬೀಸದಿದ್ದರೆ "ಹವಾಮಾನ ಇಲಾಖೆಯವರ ಮಾತು ಸುಳ್ಳಾಯಿತು" ಎನ್ನುವವರಿಗೇನೂ ಕಡಿಮೆಯಿಲ್ಲ. ಹಾಗೆನ್ನುವುದು ಸರಿಯೇ? ಚಂಡಮಾರುತದ ದಾರಿಯನ್ನು ಮೊದಲೇ ಹೇಳುವುದು ಹೇಗೆಂದು ತಿಳಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮಳೆಗಾಲದಲ್ಲಿ ತೋಡಿಗೆ ಬಿದ್ದ ಅಡಿಕೆ ಹಾಳೆಯನ್ನು ನೀವು ನೋಡಿರಬಹುದು. ಅದು ತಿರುಗುತ್ತ ತಿರುಗುತ್ತ ನೀರು ಕೊಂಡುಹೋದತ್ತ ಹೋಗುತ್ತದೆ. ಚಂಡಮಾರುತವೂ ಹೆಚ್ಚುಕಡಿಮೆ ಹಾಗೆಯೇ. ಅದರೊಳಗಿನ ಗಾಳಿ ಎಷ್ಟೇ ರಭಸವಾಗಿ ಸುತ್ತುತ್ತಿದ್ದರೂ, ಇಡೀ ಚಂಡಮಾರುತವನ್ನು ಮುಂದಕ್ಕೆ ಒಯ್ಯುವುದು ಸುತ್ತಲಿನ ಎತ್ತರದ ಗಾಳಿಯ ದೊಡ್ಡ ಪ್ರವಾಹ. ಆ ಪ್ರವಾಹ ನಾಳೆ, ನಾಡಿದ್ದು ಹೇಗಿರುತ್ತದೆಂದು ತಿಳಿದರೆ ದಾರಿಯೂ ತಿಳಿಯುತ್ತದೆ.

ಇದಕ್ಕಾಗಿ ವಿಜ್ಞಾನಿಗಳು ವಾಯುಮಂಡಲವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದರ ಗಾಳಿ, ಒತ್ತಡ, ಉಷ್ಣತೆ, ತೇವಾಂಶವನ್ನು ಬರೆದುಕೊಂಡು, ಕೆಲವು ನಿಮಿಷಗಳ ನಂತರ ಏನಾಗುವುದೆಂದು ಲೆಕ್ಕ ಹಾಕುತ್ತಾರೆ. ಬಂದ ಉತ್ತರದಿಂದ ಮತ್ತೆ ಮುಂದಿನ ಲೆಕ್ಕ. ಇಂಗ್ಲೆಂಡಿನ ರಿಚರ್ಡ್‌ಸನ್ ಎಂಬವರು ಈ ಲೆಕ್ಕವನ್ನು ಕೈಯಿಂದಲೇ ಮಾಡಿ 1922ರಲ್ಲಿ ಪುಸ್ತಕ ಪ್ರಕಟಿಸಿದರು. ಆರು ಗಂಟೆಯ ಹವೆಯ ಲೆಕ್ಕಕ್ಕೆ ವಾರಗಟ್ಟಲೆ ಹಿಡಿಯಿತು, ಉತ್ತರವೂ ತಪ್ಪಿತ್ತು. ಇಡೀ ಭೂಮಿಯ ಹವೆಯನ್ನು ಲೆಕ್ಕ ಹಾಕಲು 64,000 ಗುಮಾಸ್ತರು ಒಂದೇ ಸಭಾಂಗಣದಲ್ಲಿ ಕುಳಿತಿರಬೇಕೆಂದು ಅವರು ಕಲ್ಪಿಸಿದ್ದರು. ಆ ಕೆಲಸವನ್ನು ಇಂದು ಗಣಕಯಂತ್ರ ಮಾಡುತ್ತದೆ. ನಮ್ಮ ದೇಶದಲ್ಲಿ ಇದಕ್ಕಾಗಿ 2024ರಲ್ಲಿ ಪುಣೆಯಲ್ಲಿ 'ಅರ್ಕ', ನೋಯ್ಡಾದಲ್ಲಿ 'ಅರುಣಿಕಾ' ಎಂಬ ಮಹಾಗಣಕಗಳು ಉದ್ಘಾಟನೆಗೊಂಡವು. 2025ರ ಮೇ ತಿಂಗಳಲ್ಲಿ ಚೌಕದ ಅಳತೆಯನ್ನು 12 ಕಿಲೋಮೀಟರಿನಿಂದ 6ಕ್ಕೆ ಇಳಿಸಿದ ಹೊಸ ವ್ಯವಸ್ಥೆಯೂ ಬಂತು.

ಹಾಗಾದರೆ ಉತ್ತರ ಏಕೆ ತಪ್ಪುತ್ತದೆ? ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. 10,000 ರೂಪಾಯಿಗೆ ಶೇಕಡಾ 8ರ ಬದಲು ಎಂಟೂವರೆ ಬಡ್ಡಿ ಹಾಕಿದರೆ ಮೊದಲ ವರ್ಷದ ವ್ಯತ್ಯಾಸ ಬರೇ 50 ರೂಪಾಯಿ. 20 ವರ್ಷ ಕಳೆದಾಗ ಅದು 4,500 ರೂಪಾಯಿ ದಾಟುತ್ತದೆ. ಉಪಗ್ರಹ, ಹಡಗು, ರಾಡಾರ್, ಬಲೂನುಗಳು ಎಷ್ಟೇ ಮಾಹಿತಿ ಕಳಿಸಿದರೂ ನಡುಸಮುದ್ರದ ಗಾಳಿಯ ಅಳತೆಯಲ್ಲಿ ಸ್ವಲ್ಪ ಕೊರತೆ ಇದ್ದೇ ಇರುತ್ತದೆ. ಆ ಕೊರತೆ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಅಮೆರಿಕದ ಲೊರೆಂಜ್ ಎಂಬ ವಿಜ್ಞಾನಿ 1963ರಲ್ಲಿ ಇದನ್ನು ತೋರಿಸಿಕೊಟ್ಟರು.

ಆದುದರಿಂದ ಈಗ ಒಂದೇ ಲೆಕ್ಕವನ್ನು ನಂಬುವುದಿಲ್ಲ. ಆರಂಭದ ಅಂಕೆಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಲವು ಸಲ ಲೆಕ್ಕ ಹಾಕುತ್ತಾರೆ. ಎಲ್ಲ ದಾರಿಗಳೂ ಒಂದೇ ಕಡೆ ಸಾಗಿದರೆ ಭರವಸೆ ಹೆಚ್ಚು, ಚದರಿದರೆ ಕಡಿಮೆ. ಬೇರೆ ಬೇರೆ ದೇಶಗಳ ಲೆಕ್ಕಗಳನ್ನೂ ಹೋಲಿಸಿ ನೋಡುತ್ತಾರೆ. 2012ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ 'ಸ್ಯಾಂಡಿ' ಎದ್ದಾಗ ಅಮೆರಿಕದ ಗಣಕ ಮೊದಮೊದಲು ಅದನ್ನು ಸಮುದ್ರದ ಕಡೆಗೇ ಕಳಿಸಿತು. ಯುರೋಪಿನ ಗಣಕ ಸುಮಾರು ಒಂದು ವಾರ ಮುಂಚೆಯೇ ಅದು ಎಡಕ್ಕೆ ತಿರುಗಿ ದಡಕ್ಕೆ ಬರುವುದೆಂದಿತು. 29ರಂದು ಸ್ಯಾಂಡಿ ನ್ಯೂಜೆರ್ಸಿಯ ದಡಕ್ಕೆ ಬಡಿಯಿತು.

ಹವಾಮಾನ ಇಲಾಖೆಯ ನಕ್ಷೆಯಲ್ಲಿ ಒಂದು ಗೆರೆಯೂ, ಅದರ ಸುತ್ತ ಮುಂದೆ ಮುಂದೆ ಅಗಲವಾಗುವ ಒಂದು ಪಟ್ಟಿಯೂ ಇರುತ್ತದೆ. ನಾವು ಗೆರೆಯನ್ನು ಮಾತ್ರ ನೋಡುತ್ತೇವೆ. ಒಂದು ದಿನ ಮುಂಚಿತವಾಗಿ ಹೇಳಿದ ದಾರಿಯಲ್ಲಿ ಸರಾಸರಿ ತಪ್ಪು ಈಚಿನ ವರ್ಷಗಳಲ್ಲಿ ನೂರು ಕಿಲೋಮೀಟರಿಗಿಂತ ಕೆಳಗಿಳಿದಿದೆ, ನಿಜ. ಆದರೂ ಮಂಗಳೂರಿನಿಂದ ಕಾಸರಗೋಡಿಗಿರುವ ದೂರವೇ ಸುಮಾರು 50 ಕಿಲೋಮೀಟರ್ ಎಂಬುದನ್ನು ಮರೆಯಬಾರದು. ಮೇಲಾಗಿ ಆ ಪಟ್ಟಿ ಚಂಡಮಾರುತದ ಕೇಂದ್ರ ಎಲ್ಲಿರಬಹುದೆಂದು ಹೇಳುತ್ತದೆಯೇ ಹೊರತು, ಗಾಳಿ, ಮಳೆ, ತೆರೆಗಳು ಎಲ್ಲಿಯವರೆಗೆ ಮುಟ್ಟುತ್ತವೆಂದು ಹೇಳುವುದಿಲ್ಲ.

2021ರ ಮೇ ತಿಂಗಳ 'ತೌಕ್ತೆ'ಯನ್ನೇ ನೆನೆಯಿರಿ. 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ಹುಟ್ಟಿ, ನಮ್ಮ ಕರಾವಳಿಗೆ ದೂರದಲ್ಲಿಯೇ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ನೆಲ ಸೇರಿತು. ಅದರ ಕೇಂದ್ರ ಕಾಸರಗೋಡಿನ ಮಣ್ಣು ಮುಟ್ಟಲೇ ಇಲ್ಲ. ಆದರೂ ಉಪ್ಪಳದ ಮೂಸೋಡಿಯಲ್ಲಿ ಎರಡಂತಸ್ತಿನ ಮನೆಯೊಂದು ಕಡಲ ಅಬ್ಬರಕ್ಕೆ ಕುಸಿದುಬಿತ್ತು. ಗೆರೆ ದೂರದಲ್ಲಿದೆಯೆಂದು ಆ ಮನೆಯೊಳಗೇ ಇರುತ್ತಿದ್ದರೆ ಗತಿಯೇನು?

ಇನ್ನೊಂದು ಕೊರತೆಯೂ ಇದೆ. ದಾರಿಯನ್ನು ಹೇಳಿದಷ್ಟು ಚೆನ್ನಾಗಿ, ಚಂಡಮಾರುತ ಯಾವಾಗ ಬಲಿಯುತ್ತದೆಂದು ಹೇಳಲು ಗಣಕಕ್ಕೆ ಇನ್ನೂ ಆಗುತ್ತಿಲ್ಲ. 2017ರ ನವೆಂಬರ್ 29ರಂದು ಶ್ರೀಲಂಕಾದ ಬಳಿ ಬರೇ ವಾಯುಭಾರ ಕುಸಿತವಾಗಿದ್ದದ್ದು ಮರುದಿನವೇ ಕನ್ಯಾಕುಮಾರಿಯ ಹತ್ತಿರ 'ಓಖಿ' ಚಂಡಮಾರುತವಾಯಿತು. ಅಷ್ಟರಲ್ಲಿ ಅನೇಕ ದೋಣಿಗಳು ಆಳಸಮುದ್ರದಲ್ಲಿದ್ದವು. ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮೃತಪಟ್ಟರು ಅಥವಾ ಕಾಣೆಯಾದರು.

ಆದುದರಿಂದ ಓದುಗರೇ, ಮುನ್ಸೂಚನೆ ಕೇಳುವಾಗ ಮೂರು ವಿಷಯಗಳನ್ನು ಗಮನಿಸಿರಿ. ಕೇಂದ್ರ ಎಲ್ಲಿದೆ ಎಂಬುದಕ್ಕಿಂತ ನಮ್ಮ ಜಿಲ್ಲೆಗೆ ಯಾವ ಎಚ್ಚರಿಕೆ ಇದೆಯೆಂದು ತಿಳಿಯಿರಿ. ನಿನ್ನೆಯ ಸುದ್ದಿಯನ್ನು ನೆಚ್ಚಿ ಕೂರದೆ ಇಂದಿನದನ್ನು ಕೇಳಿರಿ, ಏಕೆಂದರೆ ಹೊಸ ಅಂಕೆಗಳು ಬಂದಂತೆ ಲೆಕ್ಕವೂ ಬದಲಾಗುತ್ತದೆ. ಕಡಲಿಗಿಳಿಯಬೇಡಿ ಎಂದಾಗ ಇಳಿಯಬೇಡಿ. ಗಾಳಿ ಬಾರದಿದ್ದರೆ ಒಂದು ದಿನದ ಸಂಪಾದನೆ ಹೋದೀತು. ಬಂದರೆ ಹೋಗುವುದು ಮನುಷ್ಯರ ಜೀವ.