ವಯನಾಡಿನ ಮಳೆ, ತೆರಕಣಾಂಬಿಯ ಮಾರುಕಟ್ಟೆ

ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಕೇರಳ ದೊಡ್ಡ ಗಿರಾಕಿ. ಇಲ್ಲಿ ಲೋಡಾದ ಲಾರಿ ಗುಂಡ್ಲುಪೇಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 766 ಹಿಡಿದು, ಬಂಡೀಪುರದ ಕಾಡು ದಾಟಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ಹಾದು, ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕೋಯಿಕ್ಕೋಡ್ ಸೇರಬೇಕು. 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳಿಗೆ ಆ ಒಂಬತ್ತು ಗಂಟೆ ಬೇಕೇ ಬೇಕು ಎಂದು ನಂಬಿದವ ನಾನು. ಅಲ್ಲದೆ, ದಿನವೂ ಗೊತ್ತಿರುವ ಹೊತ್ತಿಗೇ ಮುಚ್ಚುವ ದಾರಿಗೆ ವ್ಯಾಪಾರ ಹೊಂದಿಕೊಳ್ಳುತ್ತದೆ. ಕಷ್ಟವಾಗುವುದು ಹೇಳದೆ ಕೇಳದೆ ದಾರಿ ಮುಚ್ಚಿದಾಗ.

ಇಂಥ ಹೊತ್ತಿಗೆಂದೇ ದೊಡ್ಡ ಸಂಸ್ಥೆಗಳು ಎರಡು ವಿದ್ಯೆಗಳನ್ನು ಇಟ್ಟುಕೊಂಡಿವೆ. ಏನೇನು ಕೆಡಬಹುದು, ಕೆಡುವ ಸಂಭವವೆಷ್ಟು, ಕೆಟ್ಟರೆ ನಷ್ಟವೆಷ್ಟು ಎಂದು ಇಡೀ ಉದ್ಯಮವನ್ನು ಒಟ್ಟಿಗೆ ನೋಡುವುದು ಅಪಾಯ ನಿರ್ವಹಣೆ. ಕಾರಣ ಯಾವುದೇ ಇರಲಿ, ಕೆಲಸ ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು, ಮತ್ತೆ ಹೇಗೆ ಶುರುಮಾಡುವುದು ಎಂದು ಕೇಳುವುದು ವ್ಯವಹಾರ ನಿರಂತರತೆ. ಮೊದಲನೆಯದಕ್ಕೆ 2009ರಲ್ಲಿ ಐಎಸ್‌ಒ 31000, ಎರಡನೆಯದಕ್ಕೆ 2012ರಲ್ಲಿ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನಕಗಳು ಬಂದವು.

ತಡೆದುಕೊಳ್ಳಬಹುದಾದ ಅವಧಿಯನ್ನು ಬ್ಯಾಂಕಿನವರು ಲೆಕ್ಕಹಾಕಿ ಗೊತ್ತುಮಾಡುತ್ತಾರೆ. ತರಕಾರಿಯಲ್ಲಿ ಅದನ್ನು ಗೊತ್ತುಮಾಡುವುದು ಕಾಯಿಯ ಉಸಿರು. ಕಿತ್ತ ಮೇಲೂ ಕಾಯಿ ಜೀವಂತ. ಆಮ್ಲಜನಕ ಹೀರಿ, ಒಳಗಿನ ಸಕ್ಕರೆ ಖರ್ಚುಮಾಡಿ, ಶಾಖ ಹೊರಬಿಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟ ಹೆಚ್ಚುಕಡಿಮೆ ಎರಡು ಮೂರು ಪಟ್ಟಾಗುತ್ತದೆ. ಹಣ್ಣಾಗುವ ಟೊಮೆಟೊ ಎಥಿಲೀನ್ ಅನಿಲವನ್ನೂ ಸೂಸಿ ಅಕ್ಕಪಕ್ಕದ ಕಾಯಿಗಳನ್ನು ಹಣ್ಣಾಗಿಸುತ್ತದೆ. ಬೀನ್ಸ್ ಇನ್ನೂ ಅವಸರದ್ದು, ನೀರು ಆರಿ ಬೇಗ ಬಾಡುತ್ತದೆ. ಚೆನ್ನಾಗಿ ಒಣಗಿಸಿದ ಸಣ್ಣ ಈರುಳ್ಳಿಯಾದರೋ ಸುಪ್ತಾವಸ್ಥೆಗೆ ಹೋಗಿ ವಾರಗಟ್ಟಲೆ ಕಾಯುತ್ತದೆ. ಒಂದೇ ದಾರಿ ಒಂದೇ ದಿನ ಮುಚ್ಚಿದರೂ ಟೊಮೆಟೊದವನಿಗೆ ಅದು ನಷ್ಟ, ಈರುಳ್ಳಿಯವನಿಗೆ ಬರೀ ವಿಳಂಬ.

ಪಶ್ಚಿಮದ ದಾರಿ ಕಟ್ಟಿದರೆ ಉತ್ತರಕ್ಕೆ ಮೈಸೂರಿದೆಯಲ್ಲ ಎನ್ನಬಹುದು. ನನ್ನ ತಕರಾರು ಇಲ್ಲೇ. ಕಬಿನಿ ಹುಟ್ಟುವುದು ವಯನಾಡಿನಲ್ಲಿ. ಅಲ್ಲಿ ಜಡಿಮಳೆ ಹಿಡಿದರೆ ತಾಮರಶ್ಶೇರಿ ಘಾಟಿಯಲ್ಲಿ ಮಣ್ಣು ಕುಸಿಯುವ ಭಯ. ಅದೇ ನೀರು ಎಚ್.ಡಿ.ಕೋಟೆ ತಾಲ್ಲೂಕಿನ ಜಲಾಶಯ ತುಂಬಿಸಿ ನಂಜನಗೂಡಿಗೆ ಇಳಿಯುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿದಾಗ ಮೈಸೂರು–ನಂಜನಗೂಡು ರಸ್ತೆಯೇ ಮಲ್ಲನಮೂಲೆ ಮಠದ ಬಳಿ ಮುಳುಗಿತ್ತು. ಅಪಾಯಗಳ ಪಟ್ಟಿ ಬರೆದರೆ ಅದರಲ್ಲಿ ‘ಘಾಟಿ ಕುಸಿತ’ ಒಂದು ಸಾಲು, ‘ನಂಜನಗೂಡಿನ ನೆರೆ’ ಇನ್ನೊಂದು ಸಾಲು. ಎರಡರ ಬೇರೂ ಒಂದೇ ಮಳೆ. ಬಿಡಿಬಿಡಿಯಾಗಿ ಅಳೆದರೆ ಎರಡೂ ಒಟ್ಟಿಗೆ ಬರುವುದು ಅಪರೂಪ ಅನ್ನಿಸುತ್ತದೆ. ಮೂಲ ಹುಡುಕಿದರೆ ಒಟ್ಟಿಗೆ ಬರುವುದೇ ಸಹಜ. ಈ ನಂಟನ್ನು ತೋರಿಸಿಕೊಡಬೇಕಾದದ್ದು ಅಪಾಯ ನಿರ್ವಹಣೆ. ಅದು ಕಣ್ಣುಮುಚ್ಚಿದರೆ ನಿರಂತರತೆಯ ಯೋಜನೆ ನೀರಿನಡಿ ಇರುವ ರಸ್ತೆಗೆ ಲಾರಿ ಕಳಿಸುತ್ತದೆ.

2020ರ ಮಾರ್ಚ್ 24ರ ರಾತ್ರಿಯಿಂದ ಬಂದ ಲಾಕ್‌ಡೌನ್ ಬೇರೆಯೇ ಪಾಠ ಕಲಿಸಿತು. ಅಗತ್ಯ ವಸ್ತುಗಳ ಸಾಗಣೆಗೆ ಅನುಮತಿಯಿತ್ತು; ಆದರೆ ಹೋಟೆಲು, ಛತ್ರಗಳ ಬಾಗಿಲು ಹಾಕಿತ್ತು. ದಾರಿಯ ಲೆಕ್ಕವನ್ನಷ್ಟೇ ಇಟ್ಟ ಯೋಜನೆಗೆ ಅಲ್ಲಿ ಕೆಲಸವಿರಲಿಲ್ಲ.

ಹಾಗಾದರೆ ತೆರಕಣಾಂಬಿಯ ರೈತ, ಮಂಡಿಯವರು ಮಾಡಬಹುದಾದದ್ದೇನು? ಚಾಮರಾಜನಗರ, ಕೊಳ್ಳೇಗಾಲದ ಕಡೆಯ ಖರೀದಿದಾರರ ಜೊತೆ ಮಳೆಗಾಲಕ್ಕೆ ಮೊದಲೇ ಮಾತಾಡಿಡಬಹುದು. ಹೊಲದ ಒಂದು ಭಾಗವನ್ನು ಕಾಯಬಲ್ಲ ಬೆಳೆಗೆ ಬಿಡಬಹುದು. ಜಲಾಶಯದಿಂದ ನೀರು ಬಿಡುವ ಮೊದಲು ನದಿಪಾತ್ರದವರಿಗೆ ಕೊಡುವ ಎಚ್ಚರಿಕೆಯನ್ನು ಮಂಡಿಯೂ ಗಮನಿಸಿದರೆ ಕೈಗೊಂದಿಷ್ಟು ಗಂಟೆ ಸಿಗುತ್ತದೆ. ಆ ಗಂಟೆಗಳಲ್ಲಿ ಟೊಮೆಟೊ ಕೀಳುವುದನ್ನು ನಿಲ್ಲಿಸಬಹುದು, ಇಲ್ಲವೇ ಬಣ್ಣ ತಿರುಗುವ ಹಂತದ ಕಾಯಿಯನ್ನಷ್ಟೇ ಕಿತ್ತು ನೆರಳಲ್ಲಿ ಹರಡಬಹುದು. ಬೀನ್ಸ್ ಗಿಡದಲ್ಲೇ ಬಲಿತು ನಾರಾಗುವುದರಿಂದ ಅದಕ್ಕೆ ಈ ಉಪಾಯ ಸಲ್ಲದು. ಅದನ್ನು ಮೊದಲ ಲಾರಿಯಲ್ಲೇ ಪೂರ್ವಕ್ಕೆ ಕಳಿಸಬೇಕು.