ಕಾರಣ ತಿಳಿಯದ ದೀರ್ಘಕಾಲದ ಅನಾರೋಗ್ಯ ಮತ್ತು ಗ್ಲುಟೆನ್ ರಹಿತ ಆಹಾರ: ಸಾರ್ವಜನಿಕರಿಗೆ ಮಾಹಿತಿ

ತಿಂಗಳುಗಟ್ಟಲೆ ಬಿಡದ ಭೇದಿ, ಹೊಟ್ಟೆ ಉಬ್ಬರ, ಆಯಾಸ, ತೂಕ ಇಳಿಕೆ ಮುಂತಾದ ತೊಂದರೆಗಳಿಗೆ ಹಲವು ಬಾರಿ ತಪಾಸಣೆ ಮಾಡಿಸಿದರೂ ಕೆಲವರಲ್ಲಿ ಕಾರಣ ಕಂಡುಬರುವುದಿಲ್ಲ. ಅಂಥವರು ಪರಿಚಿತರ ಸಲಹೆಯಂತೆ ಗೋಧಿಯ ಸೇವನೆಯನ್ನು ತಾವಾಗಿಯೇ ನಿಲ್ಲಿಸುವುದುಂಟು. ಗೋಧಿ ಬಿಡುವುದು ಕೆಲವು ರೋಗಿಗಳಿಗೆ ಚಿಕಿತ್ಸೆಯೇ ಹೌದು. ಆದರೆ ರಕ್ತ ಪರೀಕ್ಷೆಗೆ ಮೊದಲೇ ಬಿಟ್ಟಲ್ಲಿ, ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗುವ ಸಂಭವವಿದೆ. ಈ ಅಂಶವನ್ನು ಸಾರ್ವಜನಿಕರು ಮುಖ್ಯವಾಗಿ ಗಮನಿಸಲು ಕೋರಲಾಗಿದೆ.

ಸೀಲಿಯಾಕ್ ಕಾಯಿಲೆ ಎಂದರೇನು?

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕಕ್ಕೆ ಪ್ರತಿಯಾಗಿ ಶರೀರದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾನಿಗೊಳಿಸುವ ಸ್ಥಿತಿಗೆ ಸೀಲಿಯಾಕ್ ಕಾಯಿಲೆ ಎಂದು ಹೆಸರು. ಇದು ಅಂಟುರೋಗವಲ್ಲ. ಒಳಪದರ ಸವೆದಾಗ ಉಂಡ ಆಹಾರದ ಸತ್ವ ಮೈಗೆ ಹತ್ತುವುದಿಲ್ಲ. ಆದ್ದರಿಂದ ಹೊಟ್ಟೆಯ ತೊಂದರೆ ಇಲ್ಲದೆಯೂ ಈ ಕಾಯಿಲೆ ಇರಬಹುದು. ಕಬ್ಬಿಣಾಂಶದ ಮಾತ್ರೆಗಳಿಗೆ ಬಗ್ಗದ ರಕ್ತಹೀನತೆ, ವಯಸ್ಸಿಗೆ ತಕ್ಕಂತೆ ಎತ್ತರ ಬೆಳೆಯದ ಮಗು, ಮೂಳೆಗಳ ದೌರ್ಬಲ್ಯ, ಪದೇ ಪದೇ ಬರುವ ಬಾಯಿಹುಣ್ಣು, ಇವುಗಳ ಹಿಂದೆಯೂ ಇದೇ ಕಾರಣವಿರಬಹುದು. ವರದಿಗಳೆಲ್ಲ ಸಹಜವಾಗಿವೆ ಎಂದ ಮಾತ್ರಕ್ಕೆ ರೋಗಿಯ ದೂರು ಮನಸ್ಸಿನ ಕಲ್ಪನೆ ಎಂದು ಮನೆಯವರು ಭಾವಿಸತಕ್ಕದ್ದಲ್ಲ. ಕೇಳದ ಪರೀಕ್ಷೆಯ ಉತ್ತರ ವರದಿಯಲ್ಲಿ ಇರುವುದಿಲ್ಲ.

ಈ ಕಾಯಿಲೆಗೆ ಗೋಧಿಯೇ ಮೂಲವೆಂದು ತೋರಿಸಿಕೊಟ್ಟವರು ನೆದರ್ಲೆಂಡ್ಸ್ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944–45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶದಲ್ಲಿ ಬ್ರೆಡ್ಡಿಗೆ ತೀವ್ರ ಅಭಾವ ಉಂಟಾಗಿತ್ತು. ಡಿಕೆ ಅವರಿಗೆ ಅದಕ್ಕೂ ಮೊದಲೇ ಇದ್ದ ಸಂದೇಹವು ಆ ಕಾಲದ ಅನುಭವದಿಂದ ಬಲಗೊಂಡಿತು. ಅವರು 1950ರಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಿದರು.

ಕರ್ನಾಟಕದಲ್ಲಿ ಈ ಕಾಯಿಲೆ ಎಷ್ಟು?

2016ರಲ್ಲಿ ಪ್ರಕಟವಾದ ಭಾರತೀಯ ಸಮೀಕ್ಷೆಯೊಂದರಲ್ಲಿ, ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಉತ್ತರ ಭಾರತದ ವಯಸ್ಕರಲ್ಲಿ ಶೇ. 1.23ರಷ್ಟು, ದಕ್ಷಿಣದಲ್ಲಿ ಶೇ. 0.10ರಷ್ಟು ಮಂದಿಯಲ್ಲಿ ಕಂಡುಬಂದವು. ಅಂದರೆ ದಕ್ಷಿಣದ ರಾಜ್ಯಗಳಲ್ಲಿ ಇದು ವಿರಳ. ಇದೇ ಲಕ್ಷಣಗಳನ್ನು ತೋರುವ ಕರುಳಿನ ಕ್ಷಯ, ಥೈರಾಯ್ಡ್ ದೋಷ, ಜಂತುಹುಳು, ಹಾಲು ಜೀರ್ಣವಾಗದಿರುವಿಕೆ ಮುಂತಾದವುಗಳನ್ನೂ ವೈದ್ಯರು ಪರಿಶೀಲಿಸುತ್ತಾರೆ. ಉಷ್ಣವಲಯದ ಸ್ಪ್ರೂ ಎಂಬ ಇನ್ನೊಂದು ಕಾಯಿಲೆಯಲ್ಲಿ ಕರುಳಿನ ಒಳಪದರ ಹೆಚ್ಚುಕಡಿಮೆ ಇದೇ ರೀತಿ ಸವೆಯುತ್ತದೆ. ಅದಕ್ಕೆ ಆ್ಯಂಟಿಬಯೋಟಿಕ್ ಮತ್ತು ಫೋಲಿಕ್ ಆಮ್ಲದ ಚಿಕಿತ್ಸೆ ಇದ್ದು, ಗೋಧಿ ಬಿಟ್ಟ ಮಾತ್ರಕ್ಕೆ ವಾಸಿಯಾಗುವುದಿಲ್ಲ. ಕ್ಷಯರೋಗಿಯೊಬ್ಬರು ಗೋಧಿ ಬಿಟ್ಟು ಆರು ತಿಂಗಳು ಕಾದರೆ ಆಗುವ ನಷ್ಟವನ್ನು ವಿವರಿಸಬೇಕಾಗಿಲ್ಲ.

ಪರೀಕ್ಷೆಯ ಕ್ರಮ

ಮೊದಲಿಗೆ ಟಿಟಿಜಿ-ಐಜಿಎ ಎಂಬ ರಕ್ತ ಪರೀಕ್ಷೆ ನಡೆಸಲಾಗುತ್ತದೆ. ಕೆಲವರ ಶರೀರದಲ್ಲಿ ಐಜಿಎ ಪ್ರತಿಕಾಯವೇ ಕಡಿಮೆ ಇರುವುದರಿಂದ ಅದರ ಒಟ್ಟು ಪ್ರಮಾಣವನ್ನೂ ಅಳೆಯುವುದು ಸೂಕ್ತ. ಸಂಶಯ ದೃಢಪಟ್ಟಲ್ಲಿ ಎಂಡೋಸ್ಕೋಪಿ ಮೂಲಕ ಸಣ್ಣ ಕರುಳಿನ ಚೂರುಗಳನ್ನು ತೆಗೆದು ಪರಿಶೀಲಿಸಲಾಗುತ್ತದೆ. ಈ ಸೌಲಭ್ಯಗಳು ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲವಾದ್ದರಿಂದ ಅಗತ್ಯವಿರುವವರು ತಮ್ಮ ವೈದ್ಯರಿಂದ ಶಿಫಾರಸು ಪತ್ರ ಪಡೆದು, ಹಿಂದಿನ ವರದಿಗಳನ್ನು ದಿನಾಂಕವಾರು ಜೋಡಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗುವುದು ಒಳಿತು. ಎರಡು ವಾರ ಏನು ಉಂಡರು, ಏನಾಯಿತು ಎಂಬುದನ್ನು ಬರೆದಿಟ್ಟ ನೋಟ್‌ಬುಕ್ ಸಹ ವೈದ್ಯರ ಸಮಯವನ್ನು ಉಳಿಸುತ್ತದೆ.

ಪರೀಕ್ಷೆಗಳು ಮುಗಿಯುವವರೆಗೆ ಎಂದಿನಂತೆ ಗೋಧಿ ತಿನ್ನುತ್ತಿರಬೇಕು. ಗೋಧಿ ಬಿಟ್ಟ ನಂತರ ಪ್ರತಿಕಾಯಗಳು ಕ್ರಮೇಣ ಇಳಿಯುತ್ತವೆ, ಒಳಪದರವೂ ಚೇತರಿಸಿಕೊಳ್ಳುತ್ತದೆ. ಈಗಾಗಲೇ ಬಿಟ್ಟವರು, ಹಾಗೆಯೇ ಅನ್ನ, ಮುದ್ದೆಯ ಊಟದ ಮನೆಗಳಲ್ಲಿ ಚಪಾತಿ ಅಪರೂಪವಾಗಿರುವವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಅಂಥವರಿಗೆ ಕೆಲವು ವಾರ ಗೋಧಿ ತಿಂದು ಪರೀಕ್ಷೆಗೆ ಬರುವಂತೆ ವೈದ್ಯರು ಸೂಚಿಸಬಹುದು.

ಕಾಯಿಲೆ ಖಚಿತವಾದಲ್ಲಿ

ಜೀವನಪರ್ಯಂತ ಗ್ಲುಟೆನ್ ರಹಿತ ಆಹಾರವೇ ಚಿಕಿತ್ಸೆ. ಒಂದು ಚೂರು ತಿಂದರೇನಂತೆ ಎಂಬ ಉಪಚಾರದ ಮಾತಿಗೆ ಇಲ್ಲಿ ಎಡೆಯಿಲ್ಲ. ಅದೃಷ್ಟವಶಾತ್ ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ ಮತ್ತು ಎಲ್ಲ ಬೇಳೆಕಾಳುಗಳು ಸ್ವಭಾವತಃ ಗ್ಲುಟೆನ್ ರಹಿತವಾಗಿವೆ. ದುಬಾರಿ ಗ್ಲುಟೆನ್ ರಹಿತ ಬ್ರೆಡ್ ಖರೀದಿಸಲೇಬೇಕೆಂದಿಲ್ಲ. ಜೋಳದ ರೊಟ್ಟಿಯ ಖರ್ಚು ಅದರ ಒಂದಂಶ ಮಾತ್ರ.

ತೊಂದರೆ ಇರುವುದು ಮರೆಯಲ್ಲಿರುವ ಗೋಧಿಯಲ್ಲಿ. ಇಡ್ಲಿ ರವೆ ಅಕ್ಕಿಯದು. ಚಿರೋಟಿ ರವೆ, ಬನ್ಸಿ ರವೆ ಗೋಧಿಯವು. ಸದಕ ಎನ್ನಲಾಗುವ ಖಪ್ಲಿ ಗೋಧಿಯೂ ಗೋಧಿಯೇ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುವುದು ಸಾಮಾನ್ಯ, ಹೀಗಾಗಿ ಸಾರಿನಿಂದಲೇ ತೊಂದರೆ ಬರಬಹುದು. ಹಲವು ಮಾಲ್ಟ್ ಪೇಯಗಳಲ್ಲಿ ಬಾರ್ಲಿ ಇರುತ್ತದೆ. ಹಿಟ್ಟಿನ ಗಿರಣಿಯಲ್ಲಿ ಗೋಧಿಯ ಬೆನ್ನಿಗೆ ಜೋಳ ಬೀಸಿಸಿದರೆ ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಅದರಲ್ಲಿ ಬೆರೆಯುತ್ತದೆ. ಗಿರಣಿಯವರ ತಪ್ಪೇನೂ ಇಲ್ಲ; ಮನೆಯಲ್ಲಿ ಪ್ರತ್ಯೇಕ ಯಂತ್ರವಿದ್ದರೆ ಅನುಕೂಲ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬಾರದು.

ಪ್ಯಾಕೆಟ್ ಆಹಾರವನ್ನು ಕೊಳ್ಳುವಾಗ ಘಟಕಾಂಶಗಳ ಪಟ್ಟಿಯನ್ನು ಓದುವುದು. ಆಹಾರ ಸುರಕ್ಷತೆ ನಿಯಮಗಳಂತೆ ಗ್ಲುಟೆನ್ ರಹಿತ ಎಂದು ನಮೂದಿಸಿದ ಪದಾರ್ಥದಲ್ಲಿ ಕಿಲೋಗ್ರಾಂಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರತಕ್ಕದ್ದಲ್ಲ. ರೋಗಿಯು ಮಗುವಾಗಿದ್ದಲ್ಲಿ, ಪೋಷಕರು ಶಾಲೆಯ ಮುಖ್ಯೋಪಾಧ್ಯಾಯರಿಗೂ ಅಂಗನವಾಡಿ ಕಾರ್ಯಕರ್ತೆಗೂ ವೈದ್ಯರ ಪತ್ರದ ಪ್ರತಿಯನ್ನು ಬರವಣಿಗೆಯ ಕೋರಿಕೆಯೊಂದಿಗೆ ನೀಡಿ, ಬಿಸಿಯೂಟದಲ್ಲಿ ಮತ್ತು ಪೂರಕ ಆಹಾರದಲ್ಲಿ ಗೋಧಿ ಬರುವ ದಿನಗಳನ್ನು ತಿಳಿದುಕೊಳ್ಳಬೇಕು.

ರೋಗಿಯ ತಂದೆ, ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಕಾಯಿಲೆಯ ಸಾಧ್ಯತೆ ಇತರರಿಗಿಂತ ಹೆಚ್ಚು. ಅವರಿಗೂ ಅದೇ ರಕ್ತ ಪರೀಕ್ಷೆಯನ್ನು, ಮನೆಯಲ್ಲಿ ಎಲ್ಲರೂ ಒಟ್ಟಿಗೆ ಗೋಧಿ ಬಿಡುವ ಮೊದಲೇ, ಮಾಡಿಸತಕ್ಕದ್ದು.